ಮೊದ್ಲಕ್ಕನೂ ರಾಜನ ನಿಲುವಂಗಿಯೂ

ಅಪ್ಪ ಅಮ್ಮ ಇಟ್ಟ ಹೆಸರು ಅವರಿಗೂ ಒಂದಿತ್ತು. ಕುತ್ತಿಗೆಗೆ ನೇತುಹಾಕಿಕೊಳ್ಳುವ ಆಫೀಸಿನ ಕಾರ್ಡಿನಲ್ಲಿ ಬಿಟ್ಟರೆ ಅದು ಇನ್ನೆಲ್ಲೂ ಕಾಣಿಸುತ್ತಿರಲಿಲ್ಲ. ನಮಗೆಲ್ಲ ಅವರು ಮೊದ್ಲಕ್ಕ. ಯಾರು ಏನೇ ಕೇಳಿಕೊಂಡು ಬರಲಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಎಲ್ಲಾ ಸರಿ, ಮೊದ್ಲು ಯಾವುದು?" ಅನ್ನುತ್ತಿದ್ದರು. ಕ್ಯಾಂಟೀನಿನಲ್ಲಿ ಊಟಕ್ಕೆ ಕೂತರೂ ಅದೇ, ಹುಷಾರಿಲ್ಲ ಅಂತ ರಜೆ ಕೇಳಿದರೂ ಅದೇ. ಒಮ್ಮೆ ನನಗೆ ಜ್ವರ, ಕೆಮ್ಮು, ಹೊಟ್ಟೆನೋವು ಮೂರೂ ಬಂದಿತ್ತು. ಫೋನಿನಲ್ಲಿ ಹೇಳಿದೆ. ಆ ಕಡೆಯಿಂದ "ಮೂರರಲ್ಲಿ ಯಾವುದು ಹೋದ್ರೆ ಆಫೀಸಿಗೆ ಬರ್ತೀರಿ?" ಅಂದರು.

ಈ ಚಟ ಅವರಿಗೆ ಚಿಕ್ಕಂದಿನಲ್ಲೇ ಅಂಟಿಕೊಂಡಿದ್ದು. ತುಂಬಿದ ಮನೆ, ಇದ್ದದ್ದು ಒಂದೇ ಬಾತ್‌ರೂಮು. ಬೆಳಗಾದರೆ ಅಪ್ಪ, ಚಿಕ್ಕಪ್ಪ, ಸೋದರತ್ತೆ, ತಮ್ಮಂದಿರು ಎಲ್ಲರೂ ಹೆಗಲಿಗೆ ಟವೆಲ್ಲು ಹಾಕಿಕೊಂಡು ಬಾಗಿಲ ಮುಂದೆ ಹಾಜರು. ಒಂದು ದಿನ ಅಪ್ಪನೂ ಚಿಕ್ಕಪ್ಪನೂ ಒಂದೇ ಚಿಲಕಕ್ಕೆ ಕೈಹಾಕಿ ಬಿಡಲೊಲ್ಲದೆ ನಿಂತರಂತೆ. ಹುಡುಗಿ ಮಧ್ಯೆ ನುಗ್ಗಿ ಒಬ್ಬೊಬ್ಬರನ್ನೇ ಕೇಳಿದಳು: "ಈಗ ಒಳಗೆ ಬಿಡದಿದ್ರೆ ಏನಾಗುತ್ತೆ?" ಆಫೀಸಿಗೆ ತಡ ಆಗುತ್ತೆ ಅಂದರು ಅಪ್ಪ. ಕಾಯಿಸಿಟ್ಟ ನೀರು ಆರಿಹೋಗುತ್ತೆ ಅಂದರು ಸೋದರತ್ತೆ. ಚಿಕ್ಕಪ್ಪ ಮಾತೇ ಆಡದೆ ಕಣ್ಣು ಮುಚ್ಚಿ ಗೋಡೆಗೆ ಒರಗಿಬಿಟ್ಟರು. ಚಿಕ್ಕಪ್ಪನನ್ನು ಒಳಗೆ ಬಿಡಲಾಯಿತು. ಮದುವೆಯಾಗಿ ಹೋಗುವ ತನಕ ಆ ಬಾಗಿಲಿನ ಉಸ್ತುವಾರಿ ಮೊದ್ಲಕ್ಕನದೇ ಆಗಿತ್ತು.

ಓದು ಮುಗಿಸಿ ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರೋಗಿಗಳನ್ನು ಸರದಿಯಂತೆ ಒಳಗೆ ಕಳಿಸುವ ಕೆಲಸಕ್ಕೆ ಸೇರಿದರು. ಅಲ್ಲಿಗೆ ಬರುವವರೆಲ್ಲರದ್ದೂ ಲೋಕದಲ್ಲಿ ಇಲ್ಲದ ನೋವು. ಒಂದು ದಿನ ನಮ್ಮ ಕಂಪನಿಯ ಬಾಸು ಕೆನ್ನೆ ಊದಿಸಿಕೊಂಡು ಅಲ್ಲಿಗೆ ಹೋದರು. ಎದುರು ಕುರ್ಚಿಯಲ್ಲಿ ನಾಲಿಗೆ ಕಚ್ಚಿಕೊಂಡವನೊಬ್ಬ, ಹಲ್ಲು ಬಿದ್ದದ್ದು ಕಾಣಿಸದೆ ನುಂಗಿದೆನೋ ಏನೋ ಅಂತ ಗಾಬರಿಯಾದ ಅಜ್ಜಿಯೊಬ್ಬರು. ಮೊದ್ಲಕ್ಕ ಅಜ್ಜಿಯನ್ನು ಮೊದಲು ಕಳಿಸಿದರು, ಆಮೇಲೆ ನಾಲಿಗೆಯವನನ್ನು. ಬಾಸು ತಾನು ಯಾರು, ಎಷ್ಟು ದೊಡ್ಡ ಮೀಟಿಂಗು ಬಿಟ್ಟು ಬಂದಿದ್ದೇನೆ ಅಂತೆಲ್ಲ ಹೇಳಿ ನೋಡಿದರು. "ಮಾತಾಡೋಕೆ ಆಗ್ತಿದೆಯಲ್ಲ ಸಾರ್, ಹಾಗಾದ್ರೆ ಕಾಯೋಕೂ ಆಗುತ್ತೆ," ಅಂದರಂತೆ ಇವರು, ನಗುನಗುತ್ತಲೇ. ನನ್ನನ್ನೇ ಹೀಗೆ ಕೂರಿಸಿದವರು ನನ್ನ ಗಿರಾಕಿಗಳನ್ನು ಹೇಗೆ ಕೂರಿಸಬಹುದು ಅಂತ ಬಾಸಿಗೆ ಅಲ್ಲೇ ಹೊಳೆಯಿತು. ಹಲ್ಲು ಕೀಳಿಸಿಕೊಂಡು ಹೊರಗೆ ಬಂದವರು, ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಕೆಲಸಕ್ಕೆ ಕರೆದರು. ಏನು ಹೇಳುತ್ತಿದ್ದಾರೆ ಅಂತ ಇವರಿಗೆ ಅರ್ಥವಾಗಲಿಲ್ಲ. ಮಾತ್ರೆ ಕೇಳುತ್ತಿದ್ದಾರೆ ಅಂದುಕೊಂಡು ತಲೆಯಾಡಿಸಿದರು. ಹಾಗೆ ಮೊದ್ಲಕ್ಕ ಬಿಸಿನೆಸ್ ಅನಾಲಿಸ್ಟ್ ಆದರು.

ನಮ್ಮ ಆಫೀಸು ಇದ್ದದ್ದು ಒಂದು ಹಾಸಿಗೆ ಅಂಗಡಿಯ ಮೇಲೆ. ಅಂಗಡಿ, ಮೆಡಿಕಲ್ ಸ್ಟೋರು, ಶಾಲೆ, ಜಿಮ್ಮು, ಹೀಗೆ ಯಾರು ಕೇಳಿದರೂ ಅವರ ಕೆಲಸಕ್ಕೆ ಹೊಂದುವ ಕಂಪ್ಯೂಟರ್ ವ್ಯವಸ್ಥೆ ಮಾಡಿಕೊಡುವುದು ನಮ್ಮ ಕಸುಬು. ಮಾಡುವ ಮೊದಲು ಅವರಿಗೆ ಏನೇನು ಬೇಕು ಅಂತ ತಿಳಿದುಕೊಳ್ಳಬೇಕಲ್ಲ, ಅದು ಮೊದ್ಲಕ್ಕನ ಪಾಲು. ಕೇಳುವುದು ಸುಲಭ. ಜನ ಹೇಳಿದ ಎಲ್ಲವನ್ನೂ ಮಾಡಲು ಕೂತರೆ ನಮ್ಮ ಮೊಮ್ಮಕ್ಕಳ ಕಾಲಕ್ಕೆ ಮುಗಿಯುತ್ತದೆ. ಆದ್ದರಿಂದ ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ ಅಂತ ಅವರ ಬಾಯಿಂದಲೇ ಹೇಳಿಸಬೇಕು, ಮತ್ತು ಹೇಳಿದ ಮೇಲೆ ಅವರು ನಮ್ಮನ್ನು ಹೊಡೆಯಬಾರದು. ಅದೇ ಕಷ್ಟದ ಭಾಗ. ಆದದ್ದನ್ನು ಪರೀಕ್ಷೆ ಮಾಡಿ ತಪ್ಪು ಹುಡುಕುವ ಕೆಲಸ ನನ್ನದು. ಅವರ ಪಕ್ಕದ ಟೇಬಲ್ಲು ನನ್ನದಾದ್ದರಿಂದ ನಾನು ಹೇಳುವುದರಲ್ಲಿ ಅರ್ಧ ಕಂಡದ್ದು, ಅರ್ಧ ಅವರೇ ಚಹಾ ಕುಡಿಯುತ್ತಾ ಹೇಳಿದ್ದು.

ಲಾಂಡ್ರಿಯ ಕೆಲಸ ಬಂದದ್ದು ಅವರಿಗೆ ಒಳ್ಳೆ ಹೆಸರು ಬಂದಿದ್ದ ಹೊತ್ತಿನಲ್ಲಿ. ಹೋಟೆಲುಗಳ ಬೆಡ್‌ಶೀಟು, ಆಸ್ಪತ್ರೆಗಳ ಹೊದಿಕೆ, ನಾಟಕ ಮಂಡಳಿಗಳ ವೇಷದ ಬಟ್ಟೆ, ಎಲ್ಲವನ್ನೂ ಒಗೆದು ಇಸ್ತ್ರಿ ಮಾಡಿ ಕಳಿಸುವ ದೊಡ್ಡ ಲಾಂಡ್ರಿ ಅದು. ಒಂದು ಕಡೆ ಗುಡುಗುಡು ಅನ್ನುವ ಯಂತ್ರಗಳ ಸಾಲು, ಇನ್ನೊಂದು ಕಡೆ ಉಗಿ ಕಕ್ಕುವ ಇಸ್ತ್ರಿ ಮೇಜುಗಳು, ಹಿಂದಿನ ಅಂಗಳದಲ್ಲಿ ಕಣ್ಣು ಹಾಯುವವರೆಗೂ ಬಟ್ಟೆ ಒಣಗಿಸುವ ತಂತಿ. ನಡೆಸುತ್ತಿದ್ದವರು ಒಬ್ಬ ಅಕ್ಕ, ಒಬ್ಬ ತಮ್ಮ. ಕೆಲಸದವರು ಅಕ್ಕನನ್ನು ದೊಡ್ಡ ಮೇಡಂ ಅನ್ನುತ್ತಿದ್ದರು, ತಮ್ಮನನ್ನು ಚಿಕ್ಕ ಸಾರ್. ಒಗೆಯುವ ವಿಭಾಗ ಅಕ್ಕನದು, ಕಳಿಸುವ ವಿಭಾಗ ತಮ್ಮನದು. ಇಬ್ಬರಿಗೂ ವರ್ಷಗಳಿಂದ ಮಾತಿಲ್ಲ.

ಕಾರಣ ದೊಡ್ಡ ಮೇಡಂ ಕೋಣೆಯ ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿತ್ತು. ಅವರು ತುಂಬಾ ಇಷ್ಟಪಟ್ಟು ಹಾಕುತ್ತಿದ್ದ ಹಸಿರು ಸ್ವೆಟರನ್ನು ತಮ್ಮ ಒಮ್ಮೆ ಕುದಿಯುವ ನೀರಿನ ಯಂತ್ರಕ್ಕೆ ಹಾಕಿಬಿಟ್ಟಿದ್ದ. ಹೊರಗೆ ಬಂದಾಗ ಅದು ಬೆಕ್ಕಿನ ಮರಿಗೆ ಸರಿಹೊಂದುವಷ್ಟಾಗಿತ್ತು. ಲಾಂಡ್ರಿ ಮಾಲೀಕ ಹೀಗೆ ಮಾಡಬಹುದೇ ಅಂತ ಅಕ್ಕ. ಲಾಂಡ್ರಿ ಮಾಲೀಕಳು ಸ್ವೆಟರಿನೊಳಗಿನ ಚೀಟಿ ಓದದೆ ಬುಟ್ಟಿಗೆ ಹಾಕಬಹುದೇ ಅಂತ ತಮ್ಮ.

ಇವರಿಬ್ಬರ ಮಧ್ಯೆ ಮಾತು ಸಾಗಿಸುವವರು ಕಲೆಗಾರರು. ಚಿತ್ರ ಬರೆಯುವವರಲ್ಲ, ಬಟ್ಟೆಗೆ ಹತ್ತಿದ ಕಲೆ ತೆಗೆಯುವವರು. ತೆಳ್ಳಗೆ, ಉದ್ದಕ್ಕೆ, ಸದಾ ಬೆಳಕಿಗೆ ಏನನ್ನಾದರೂ ಎತ್ತಿ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ ವಯಸ್ಸಾದ ಮನುಷ್ಯ. ಅಕ್ಕ ತಮ್ಮ ಒಂದೇ ಕೋಣೆಯಲ್ಲಿ ಎದುರುಬದುರು ಕೂತಿದ್ದರೂ ಇವರ ಕಡೆ ತಿರುಗಿ, "ಅವನಿಗೆ ಹೇಳಿ, ಕಿಟಕಿ ಹಾಕಲಿ ಅಂತ," "ಅವಳಿಗೆ ಹೇಳಿ, ಸೆಕೆ ಆಗ್ತಿದೆ ಅಂತ," ಅನ್ನುತ್ತಿದ್ದರು. ಕಲೆಗಾರರು ಅದನ್ನೇ ಇನ್ನೊಂದು ಸಲ ಮೆತ್ತಗೆ ಹೇಳುತ್ತಿದ್ದರು.

ಮೊದ್ಲಕ್ಕ ಒಬ್ಬೊಬ್ಬರ ಹತ್ತಿರವೂ ಕೂತು ಏನೇನು ಬೇಕು ಅಂತ ಕೇಳಿದರು. ದೊಡ್ಡ ಮೇಡಂಗೆ ಯಾವ ಗಂಟು ಯಾರದು ಅಂತ ಕಂಪ್ಯೂಟರ್ ಹೇಳಬೇಕಿತ್ತು, ಸಾಬೂನಿನ ಪುಡಿ ಜಾಸ್ತಿ ಸುರಿಯುವವರು ಯಾರು ಅಂತ ಹೇಳಬೇಕಿತ್ತು, ತಮ್ಮ ಈ ಕ್ಷಣ ಎಲ್ಲಿದ್ದಾನೆ ಅಂತಲೂ ಹೇಳಬೇಕಿತ್ತು. ಚಿಕ್ಕ ಸಾರ್‌ಗೆ ಹೋಟೆಲಿನವರು ಫೋನಿನಲ್ಲೇ ಆರ್ಡರ್ ಹಾಕುವಂತಾಗಬೇಕು, ವ್ಯಾನು ಹೊರಟಾಗ ಒಂದು ಸಂಗೀತ ಬರಬೇಕು, ಮತ್ತು ಕಂಪ್ಯೂಟರ್ ತೆರೆದ ಕೂಡಲೇ ಟೈ ಕಟ್ಟಿಕೊಂಡ ತಮ್ಮದೇ ಫೋಟೋ ಬರಬೇಕು. ಕಲೆಗಾರರಿಗೆ ಬಂದ ಪ್ರತಿಯೊಂದು ಕಲೆಯ ಬಣ್ಣದ ಚಿತ್ರ, ಅದರ ಹುಟ್ಟು, ಅದು ಹೋದ ಬಗೆ, ಎಲ್ಲವೂ ಮುಂದಿನ ಪೀಳಿಗೆಗೆ ಉಳಿಯಬೇಕು. ವ್ಯಾನು ಓಡಿಸುವ ವ್ಯಾನಣ್ಣನಿಗೆ ಬೇಕಿದ್ದದ್ದು ಒಂದೇ: ತಾನು ಊಟಕ್ಕೆ ಕೂತಾಗ ಯಾರ ಫೋನೂ ತನಗೆ ಬರಬಾರದು.

"ಇದಿಲ್ಲದಿದ್ರೆ ಏನಾಗುತ್ತೆ?" ಅಂತ ಮೊದ್ಲಕ್ಕ ಎಲ್ಲರನ್ನೂ ಕೇಳಿದರು.

"ಕಲೆ ಸಾಯುತ್ತೆ," ಅಂದರು ಕಲೆಗಾರರು.

"ಸಾರು ಆರುತ್ತೆ," ಅಂದ ವ್ಯಾನಣ್ಣ.

ಚಿಕ್ಕ ಸಾರ್ ತುಂಬಾ ಯೋಚಿಸಿ, "ಫೋಟೋ ಇಲ್ಲದಿದ್ರೆ ನಂಗೆ ಬೇಜಾರಾಗುತ್ತೆ," ಅಂದರು. ಪಾಪ, ಸುಳ್ಳು ಹೇಳುವವರಲ್ಲ.

ಮೊದ್ಲಕ್ಕ ಗೋಡೆಗೆ ನಾಲ್ಕು ಹಾಳೆ ಅಂಟಿಸಿದರು. ಬೇಕೇ ಬೇಕು, ಇದ್ದರೆ ಒಳ್ಳೆಯದು, ಆದರೆ ಆಗಲಿ, ಸದ್ಯಕ್ಕೆ ಬೇಡ. ಒಬ್ಬೊಬ್ಬರೂ ತಮ್ಮ ಬೇಡಿಕೆಯ ಚೀಟಿಯನ್ನು ಸರಿಯಾದ ಹಾಳೆಗೆ ಅಂಟಿಸಬೇಕು. ಊಟ ಮುಗಿಸಿ ಬಂದು ನೋಡಿದರೆ ಎಲ್ಲಾ ಚೀಟಿಗಳೂ 'ಬೇಕೇ ಬೇಕು' ಹಾಳೆಯ ಮೇಲೆ ಒಂದರ ಮೇಲೊಂದು ಕೂತಿದ್ದವು. 'ಸದ್ಯಕ್ಕೆ ಬೇಡ' ಹಾಳೆಯಲ್ಲಿ ಮಾತ್ರ ದೊಡ್ಡ ಮೇಡಂ ಕೈಬರಹದ ಒಂದು ಚೀಟಿ ಇತ್ತು. 'ತಮ್ಮ' ಅಂತ ಬರೆದಿತ್ತು.

ಚೀಟಿಗಳನ್ನೆಲ್ಲ ತಂದು ನಮ್ಮ ಪ್ರೋಗ್ರಾಮರ್ ಮುಂದೆ ಹರಡಿದರು. ಪ್ರೋಗ್ರಾಮರ್ ಅಂದರೆ ಗಡ್ಡ ನೀವಿಕೊಳ್ಳುತ್ತಾ ಮಾತಾಡುವ ಸಾವಧಾನದ ಆಸಾಮಿ. ಯಾವುದಕ್ಕೂ ಇಲ್ಲ ಅನ್ನುವ ಜಾಯಮಾನದವರಲ್ಲ.

"ಆಗಲ್ಲ ಅಂತಲ್ಲ," ಅಂದರು.

"ಹಾಗಂದ್ರೆ ಯಾವಾಗ ಆಗುತ್ತೆ?"

"ಅದನ್ನ ಕೇಳ್ಬಾರ್ದು ಮೊದ್ಲಕ್ಕ. ಮೂರು ತಿಂಗಳಿಗೆ ಏನಾದ್ರೂ ಕೊಡ್ಲೇಬೇಕು ಅಂದ್ರೆ ಒಂದೆರಡು ಆಗ್ಬಹುದು. ಒಂದು ಅಂತ ಇಟ್ಕೊಳ್ಳಿ."

ಆ ಸಂಜೆ ಮನೆಗೆ ಹೋದ ಮೊದ್ಲಕ್ಕನ ಮುಖ ನೋಡಿ ಗಂಡ ತಾವೇ ಚಹಾ ಮಾಡಿದರು. ಅವರು ಲಿಫ್ಟ್ ರಿಪೇರಿ ಮಾಡುವವರು. ಕತೆಯೆಲ್ಲ ಕೇಳಿ, "ನಮ್ಮಲ್ಲಿ ಈ ತಾಪತ್ರಯ ಇಲ್ಲ ನೋಡು. ಒಳಗೆ ಸಿಕ್ಕಿಹಾಕಿಕೊಂಡವರು ಮೊದ್ಲು, ಹೊರಗೆ ನಿಂತವರು ಆಮೇಲೆ," ಅಂದರು.

"ಇವರೆಲ್ಲ ಒಳಗೇ ಸಿಕ್ಕಿಹಾಕಿಕೊಂಡಿದಾರೆ ಕಣ್ರೀ. ಹೊರಗೆ ಯಾರೂ ಇಲ್ಲ."

ಮೂಲೆಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ಅತ್ತೆ ತಲೆಯೆತ್ತಲಿಲ್ಲ. "ಎಲ್ಲರಿಗೂ ಒಂದೊಂದು ಹಿಡಿ ಅಂತ ಅಳತೆ ಮಾಡಿ ಕೊಡು. ಹಿಡಿ ಖಾಲಿ ಆದ್ಮೇಲೆ ಬಾಯಿ ತಾನಾಗೇ ಮುಚ್ಚುತ್ತೆ," ಅಂದು ಮಗನ ಕೈಗೆ ಒಂದು ಹಿಡಿ ಕಡಲೆಕಾಯಿ ಹಾಕಿದರು.

ಅತ್ತೆ ಹೇಳಿದ್ದನ್ನು ಕೆಲಸಕ್ಕೆ ಸೇರಿದಾಗಿನ ಟ್ರೈನಿಂಗಿನಲ್ಲೂ ಹೇಳಿಕೊಟ್ಟಿದ್ದರು ಅಂತ ಮೊದ್ಲಕ್ಕನಿಗೆ ನೆನಪಾಯಿತು. ಪ್ರತಿಯೊಬ್ಬರಿಗೂ ಇಷ್ಟೇ ವೋಟು ಅಂತ ಕೊಟ್ಟು, ಬೇಕಾದ ಬೇಡಿಕೆಯ ಮೇಲೆ ಇಡಿ ಅನ್ನುವುದು. ವೋಟಿಗೆ ಅಂಗಿಯ ಗುಂಡಿಯನ್ನೋ ಗೋಲಿಯನ್ನೋ ಬಳಸುವುದು ರೂಢಿ. ಲಾಂಡ್ರಿ ಆದ್ದರಿಂದ ಬಟ್ಟೆ ಕ್ಲಿಪ್ಪು ಇಟ್ಟರೆ ಎಷ್ಟು ಚೆನ್ನ ಅಂತ ಅವರಿಗೆ ಅನ್ನಿಸಿತು. ಆ ಉಪಾಯ ಹೊಳೆದ ಖುಷಿಯಲ್ಲಿ ಬೆಳಗ್ಗೆ ನನಗೆ ಫೋನು ಮಾಡಿ, ಚೀಟಿ ಕಟ್ಟಲು ನೀವೂ ಬನ್ನಿ ಅಂದರು. ಹೋದೆ.

ಹಿಂದಿನ ಅಂಗಳದಲ್ಲೇ ಸಭೆ. ಒಂದು ಉದ್ದನೆಯ ತಂತಿಗೆ ಬೇಡಿಕೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ನೇತುಹಾಕಿದೆವು. ಮೊದ್ಲಕ್ಕ ಎಲ್ಲರಿಗೂ ಒಂದೊಂದು ಹಿಡಿ ಕ್ಲಿಪ್ಪು ಕೊಟ್ಟರು. "ಯಾವುದು ಮೊದ್ಲು ಬೇಕೋ ಅದಕ್ಕೆ ಸಿಕ್ಕಿಸಿ. ಎಲ್ಲಾ ಒಂದಕ್ಕೇ ಹಾಕಬಹುದು, ಹಂಚಲೂಬಹುದು. ಆದ್ರೆ ಇಷ್ಟೇ, ಮತ್ತೆ ಕೊಡಲ್ಲ," ಅಂದರು. ಮಾತು ತೂಕವಾಗಿತ್ತು. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು.

ಚಿಕ್ಕ ಸಾರ್ ತಮ್ಮ ಹಿಡಿಯನ್ನು ಅಷ್ಟೂ ಫೋಟೋಗೆ ಸಿಕ್ಕಿಸಿದರು. ದೊಡ್ಡ ಮೇಡಂ ಒಂದು ಖಾಲಿ ಹಾಳೆ ಇಸಿದುಕೊಂಡು 'ಫೋಟೋ ಬರಬಾರದು' ಅಂತ ಬರೆದು, ತಮ್ಮ ಹಿಡಿಯನ್ನು ಅದಕ್ಕೆ ಸಿಕ್ಕಿಸಿದರು. ಕಲೆಗಾರರು ಮಾತ್ರ ಎಲ್ಲ ಬೇಡಿಕೆಗೂ ಒಂದೊಂದು ಹಂಚುತ್ತಾ ಹೋಗಿ, ತಮ್ಮದರ ಹತ್ತಿರ ಬರುವಷ್ಟರಲ್ಲಿ ಕೈ ಬರಿದಾಗಿ ಕಣ್ಣು ಒದ್ದೆ ಮಾಡಿಕೊಂಡು ನಿಂತರು. ಅದನ್ನು ನೋಡಲಾರದೆ ವ್ಯಾನಣ್ಣ, "ತಗೊಳ್ಳಿ ಯಜಮಾನ್ರೇ," ಅಂತ ಜೇಬಿನಿಂದ ಇನ್ನೊಂದಿಷ್ಟು ಕ್ಲಿಪ್ಪು ತೆಗೆದುಕೊಟ್ಟ.

"ಅದು ಎಲ್ಲಿಂದ ಬಂತು?" ಅಂದರು ಮೊದ್ಲಕ್ಕ.

"ಎಲ್ಲಿಂದ ಅಂದ್ರೆ? ಅಲ್ಲಿ ಮೂಟೆ ಇದೆಯಲ್ಲ," ಅಂದ ವ್ಯಾನಣ್ಣ.

ಮೊದ್ಲಕ್ಕ ತಿರುಗಿ ನೋಡಿದರು. ಗೋಡೆಯ ಪಕ್ಕದಲ್ಲಿ, ನಿಜ, ಕ್ಲಿಪ್ಪಿನ ಮೂಟೆಗಳ ಸಾಲೇ ಇತ್ತು. ಲಾಂಡ್ರಿ ಅಲ್ಲವೇ. ಬೇರೆ ಎಲ್ಲಿ ಆಗಿದ್ದರೂ ಕ್ಲಿಪ್ಪಿಗೆ ಬರ ಬರುತ್ತಿತ್ತು. ಈ ಒಂದು ಜಾಗದಲ್ಲಿ ಬಿಟ್ಟು.

ಆಮೇಲೆ ನಡೆದದ್ದನ್ನು ಸಭೆ ಅನ್ನಲು ಬರುವುದಿಲ್ಲ. ಚಿಕ್ಕ ಸಾರ್ ಒಂದು ಮೂಟೆಯನ್ನು ಎಳೆದುಕೊಂಡು ಬಂದರು. ದೊಡ್ಡ ಮೇಡಂ ಸೆರಗು ಸೊಂಟಕ್ಕೆ ಸಿಕ್ಕಿಸಿ ಇನ್ನೊಂದನ್ನು ಉರುಳಿಸಿಕೊಂಡು ಬಂದರು. ಇಸ್ತ್ರಿಯವರು, ಯಂತ್ರದವರು ಎಲ್ಲ ಏನೋ ಹಂಚುತ್ತಿದ್ದಾರೆ ಅಂದುಕೊಂಡು ಓಡಿಬಂದು, ಯಾವುದಕ್ಕೆ ಅಂತ ತಿಳಿಯದಿದ್ದರೂ ಸಿಕ್ಕಿಸತೊಡಗಿದರು. ಚೀಟಿ ತುಂಬಿದ ಮೇಲೆ ಕ್ಲಿಪ್ಪಿನ ಮೇಲೆ ಕ್ಲಿಪ್ಪು ಬಂತು. ಫೋಟೋದ ಬೇಡಿಕೆ ಮುಳ್ಳುಹಂದಿಯ ಹಾಗೆ ಜೋತಾಡಿತು. "ದಯವಿಟ್ಟು, ಒಂದೊಂದು ಹಿಡಿ, ಒಂದೊಂದೇ ಹಿಡಿ," ಅನ್ನುತ್ತಾ ಮೊದ್ಲಕ್ಕ ಅತ್ತಿಂದಿತ್ತ ಓಡಾಡಿದರು. ಒಬ್ಬರು ಅವರ ಸೀರೆಗೂ ಒಂದು ಸಿಕ್ಕಿಸಿ ಹೋದರು. ಕೊನೆಗೆ ಆ ಕಡೆಯ ಕಂಬ ಕಿರ್ ಅಂತು, ಈ ಕಡೆಯದು ಬಾಗಿತು, ಇಡೀ ತಂತಿ ಅದರ ಕೆಳಗೆ ನಿಂತಿದ್ದ ಕಲೆಗಾರರ ಮೇಲೆ ಕುಸಿಯಿತು. ಪೆಟ್ಟೇನೂ ಆಗಲಿಲ್ಲ. ಕ್ಲಿಪ್ಪಿನ ರಾಶಿಯೊಳಗಿಂದ ಅವರ ಧ್ವನಿ ಬಂತು: "ನಾನು ಚೆನ್ನಾಗಿದೀನಿ. ನನ್ನ ಬೇಡಿಕೆಗೆ ಎಷ್ಟು ಬಿತ್ತು?"

ಆ ಹೊತ್ತಿಗೇ ಲಾಂಡ್ರಿ ಆಫೀಸಿನ ಫೋನು ಹೊಡೆದುಕೊಳ್ಳತೊಡಗಿತು. ದೊಡ್ಡ ಮೇಡಂ ಓಡಿಹೋಗಿ ಎತ್ತಿಕೊಂಡರು. ಆ ಕಡೆ ಒಂದು ದೊಡ್ಡ ಹೋಟೆಲಿನ ಮ್ಯಾನೇಜರು.

"ಮೇಡಂ, ನಮ್ಮ ಗೆಸ್ಟ್ ಒಬ್ಬರು ಊಟಕ್ಕೆ ಕೆಳಗೆ ಬಂದಿದಾರೆ. ಕೆಂಪು ಮಖಮಲ್ಲು, ಜರಿ ಅಂಚು, ಹಿಂದೆ ನೆಲ ಗುಡಿಸೋ ಸೆರಗು. ಬಾತ್‌ರೂಮಿನಲ್ಲಿ ನೇತುಹಾಕಿತ್ತು, ಹಾಕ್ಕೊಂಡೆ ಅಂತಿದಾರೆ. ಇದು ನಮ್ಮ ಬಾತ್‌ರೋಬ್ ಅಲ್ಲ."

ಫೋನು ಇಡುವುದರೊಳಗೆ ಮತ್ತೊಂದು ಬಂತು, ನಾಟಕ ಮಂಡಳಿಯಿಂದ. ಮಧ್ಯಾಹ್ನದ ಆಟಕ್ಕೆ ಪರದೆ ಏಳುವ ಹೊತ್ತಾಗಿದೆ, ರಾಜನ ಗಂಟು ಬಿಚ್ಚಿದರೆ ಅದರಲ್ಲಿ ಬಿಳಿ ಟವೆಲ್ ಬಟ್ಟೆಯ ನಿಲುವಂಗಿ, ಎದೆಯ ಮೇಲೆ ಹೋಟೆಲಿನ ಹೆಸರು ಬೇರೆ.

ರಾಜನ ನಿಲುವಂಗಿ ಬಂದದ್ದು ಕಲೆ ತೆಗೆಸಲು. ಎದೆಯ ಮೇಲಿನ ನಕಲಿ ರಕ್ತದ ಕಲೆಯ ಜೊತೆ ಕಲೆಗಾರರು ಗುದ್ದಾಡಿ ಗೆದ್ದಿದ್ದರು. ಹಾಗೆ ಗೆದ್ದದ್ದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಮೇಜಿನ ಮೇಲಿಟ್ಟಿದ್ದರು. ಪಕ್ಕದಲ್ಲೇ ಹೋಟೆಲಿನ ಗಂಟು, ಅದಕ್ಕೂ ಅಂಥದ್ದೇ ಬಿಳಿ ಬಟ್ಟೆ. ಆಮೇಲೆ ಏನಾಯಿತು ಅಂತ ಹೇಳಬೇಕಾಗಿಲ್ಲ.

ದೊಡ್ಡ ಮೇಡಂ ಅಂಗಳಕ್ಕೆ ಬಂದು ಅಭ್ಯಾಸದಂತೆ ಕಲೆಗಾರರ ಕಡೆ ತಿರುಗಿದರು. ಕಲೆಗಾರರ ಕಾಲು ಮಾತ್ರ ಕಾಣಿಸುತ್ತಿತ್ತು. ಆಮೇಲೆ ತಮ್ಮನ ಮುಖವನ್ನೇ ನೋಡಿ, "ವ್ಯಾನು ಎಲ್ಲೋ?" ಅಂದರು.

ಇಡೀ ಲಾಂಡ್ರಿ ನಿಂತುಬಿಟ್ಟಿತು. ಚಿಕ್ಕ ಸಾರ್ ಹಿಂದೆ ಯಾರಾದರೂ ಇದ್ದಾರೇನೋ ಅಂತ ತಿರುಗಿ ನೋಡಿದರು. ಯಾರೂ ಇರಲಿಲ್ಲ.

"ಗೇಟ್ ಹತ್ರ ಇದೆ, ಅಕ್ಕಾ," ಅಂದರು. ದನಿ ಸ್ವಲ್ಪ ಒಡೆದಿತ್ತು. ಮೂಟೆ ಎಳೆದ ಆಯಾಸವೂ ಇರಬಹುದು.

ವ್ಯಾನಿನ ಮುಂದಿನ ಸೀಟಿನಲ್ಲಿ ವ್ಯಾನಣ್ಣನ ಪಕ್ಕ ಅಕ್ಕ ತಮ್ಮ, ಹಿಂದೆ ಬೆಡ್‌ಶೀಟುಗಳ ಮೇಲೆ ನಾನೂ ಮೊದ್ಲಕ್ಕನೂ. ನಮಗೆ ಅಲ್ಲೇನೂ ಕೆಲಸವಿರಲಿಲ್ಲ. ಆದರೆ ಮೊದ್ಲಕ್ಕ, "ಬನ್ನಿ, ಇವರು ಈಗ ಏನು ಮಾಡ್ತಾರೋ ಅದನ್ನ ನೋಡ್ಬೇಕು. ಇಷ್ಟು ದಿನ ಹೇಳಿದ್ದೆಲ್ಲ ಬಿಡಿ," ಅಂತ ನನ್ನನ್ನು ಎಳೆದುಕೊಂಡು ಹತ್ತಿದ್ದರು.

ಹೋಟೆಲಿನ ಊಟದ ಹಾಲಿನಲ್ಲಿ ರಾಜರು ಕಿಟಕಿ ಪಕ್ಕದ ಮೇಜಿನಲ್ಲಿ ಆರಾಮವಾಗಿ ಕೂತಿದ್ದರು. ದುಂಡಗಿನ ಮನುಷ್ಯ. ಟೈರು ಮಾರುವ ಕೆಲಸದ ಮೇಲೆ ಊರೂರು ತಿರುಗುವವರಂತೆ. ನಿಲುವಂಗಿಯ ಸೆರಗನ್ನು ಪಕ್ಕದ ಕುರ್ಚಿಯ ಮೇಲೆ ಜೋಪಾನವಾಗಿ ಮಡಚಿಟ್ಟಿದ್ದರು. ದೊಡ್ಡ ಮೇಡಂ ಕ್ಷಮೆ ಕೇಳಿದರು, ಚಿಕ್ಕ ಸಾರ್ ಕೈಮುಗಿದರು. ಆತ ಅದನ್ನು ಬಿಡುವ ಲಕ್ಷಣ ಕಾಣಲಿಲ್ಲ.

"ಬೆಳಗ್ಗೆಯಿಂದ ಎಲ್ಲರೂ ಎದ್ದು ನಿಂತು ಮಾತಾಡಿಸ್ತಿದಾರೆ. ಇಷ್ಟು ವರ್ಷ ಈ ಹೋಟೆಲಿಗೆ ಬರ್ತಿದೀನಿ, ಇವತ್ತೇ ಮೊದಲ ಸಲ ಚಮಚ ಕೇಳೋ ಮೊದಲೇ ಬಂತು," ಅಂದರು.

ಆಗ ಮೊದ್ಲಕ್ಕ ಎದುರಿನ ಕುರ್ಚಿ ಎಳೆದುಕೊಂಡು ಕೂತು ಕನ್ನಡಕ ಮೂಗಿನ ತುದಿಗೆ ಇಳಿಸಿದರು. "ಸಾರ್, ಇದನ್ನ ತೆಗೆದ್ರೆ ನಿಮಗೆ ಏನು ಹೋಗುತ್ತೆ?"

ಆತ ಯೋಚನೆಗೆ ಬಿದ್ದರು. "ಬೆಚ್ಚಗಿದೆ, ಅದು ಹೋಗುತ್ತೆ. ಜೇಬು ದೊಡ್ಡದು, ಅದೂ ಹೋಗುತ್ತೆ. ಮತ್ತೆ ಜನ ನೋಡೋದು."

"ಮೂರರಲ್ಲಿ ಒಂದೇ ಉಳಿಸಿಕೊಡ್ತೀನಿ ಅಂದ್ರೆ ಯಾವುದು?"

ಮ್ಯಾನೇಜರು ಗಡಿಯಾರ ನೋಡಿದರು. "ಜನ ನೋಡೋದು," ಅಂದರು ಆತ ಕೊನೆಗೆ, ಸ್ವಲ್ಪ ನಾಚಿ.

"ಹಾಗಾದ್ರೆ ನಾಟಕದ ಮೊದಲ ಸಾಲಿನ ನಡುವಿನ ಕುರ್ಚಿ ಕೊಡಿಸ್ತೀನಿ. ಬರುವಾಗ ಇದನ್ನ ನೀವೇ ಹಾಕ್ಕೊಂಡು ಬನ್ನಿ, ಬಾಗಿಲ ಹತ್ರ ತೆಗೆದುಕೊಡಿ."

ಆತ ಎದ್ದರು. ಸೆರಗು ಚಿಕ್ಕ ಸಾರ್ ಎತ್ತಿ ಹಿಡಿದರು. ಹೋಟೆಲಿನ ಮೆಟ್ಟಿಲಿನಿಂದ ವ್ಯಾನಿನವರೆಗೆ ರಸ್ತೆಯಲ್ಲಿದ್ದವರೆಲ್ಲ ದಾರಿ ಬಿಟ್ಟರು. ವ್ಯಾನಿನೊಳಗೆ ಬೆಡ್‌ಶೀಟಿನ ಗುಡ್ಡದ ಮೇಲೆ ನಮ್ಮಿಬ್ಬರ ಮಧ್ಯೆ ಅವರನ್ನು ಕೂರಿಸಿದೆವು. ದಾರಿಯುದ್ದಕ್ಕೂ ಟೈರಿನ ಬಗ್ಗೆ ಹೇಳಿದರು. ವಿಷಯ ತಿಳಿದವರೇ.

ರಂಗಮಂದಿರಕ್ಕೆ ತಲುಪಿದಾಗ ಆಟ ಶುರುವಾಗಿ ಒಂದು ಅಂಕ ಮುಗಿದಿತ್ತು. ನಿರ್ದೇಶಕರು ಹಿಂಬಾಗಿಲಿನಲ್ಲೇ ಸಿಕ್ಕಿದರು. ಬೈಗುಳಕ್ಕೆ ನಾವು ತಯಾರಾಗಿದ್ದೆವು. ದೊಡ್ಡ ಮೇಡಂ ನಿಲುವಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದರು.

"ಬೇಡ," ಅಂದರು ನಿರ್ದೇಶಕರು.

"ಬೇಡ ಅಂದ್ರೆ?"

"ಬೇರೆ ದಾರಿ ಇಲ್ಲದೆ ಬಾತ್‌ರೋಬಿನಲ್ಲೇ ರಾಜನನ್ನ ಒಳಗೆ ನೂಕಿದೆ. ಚಪ್ಪಾಳೆ ನಿಲ್ತಾನೇ ಇಲ್ಲ. ರಾಜನೂ ಸ್ನಾನ ಮಾಡೋ ಮನುಷ್ಯನೇ ಅನ್ನೋದು ಎಷ್ಟು ಹೊಸ ಕಲ್ಪನೆ ಅಂತ ಮೊದಲ ಸಾಲಿನ ದೊಡ್ಡವರೊಬ್ಬರು ಕಣ್ಣೊರೆಸಿಕೊಂಡ್ರು. ಇನ್ಮೇಲೆ ಎಲ್ಲಾ ಆಟಕ್ಕೂ ಇದೇ. ಮಂತ್ರಿಗೂ ಒಂದು ಬೇಕು, ಸಿಗುತ್ತಾ?"

ನಾವು ಹೊರಗೆ ಮೆಟ್ಟಿಲ ಮೇಲೆ ಕೂತೆವು. ಟೈರಿನವರಿಗೆ ಕುರ್ಚಿ ಸಿಕ್ಕಿ ಅವರು ಒಳಗೆ ಹೋಗಿದ್ದರು. ನಿಲುವಂಗಿ ಚಿಕ್ಕ ಸಾರ್ ತೊಡೆಯ ಮೇಲಿತ್ತು. ಮೊದಲು ನಕ್ಕದ್ದು ದೊಡ್ಡ ಮೇಡಂ. ತಡೆದು ತಡೆದು, ಮೂಗಿನಿಂದ ಒಂದು ಸದ್ದು ಬಂದು, ಆಮೇಲೆ ಹಿಡಿಯಲಾಗದೆ ಹೊಟ್ಟೆ ಹಿಡಿದುಕೊಂಡು ನಕ್ಕರು. ತಮ್ಮನೂ ಸೇರಿಕೊಂಡರು. ಇಬ್ಬರೂ ಸುಸ್ತಾಗುವವರೆಗೆ ಮೊದ್ಲಕ್ಕ ಏನೂ ಕೇಳಲಿಲ್ಲ. ನಗು ನಿಂತ ಮೇಲೆ ದೊಡ್ಡ ಮೇಡಮ್ಮೇ, "ಯಾರ ಗಂಟು ಯಾರಿಗೆ ಹೋಗ್ಬೇಕು ಅನ್ನೋದು ಮೊದ್ಲು ಆಗ್ಲಿ," ಅಂದರು.

"ಹೌದು, ಅದೇ," ಅಂದರು ಚಿಕ್ಕ ಸಾರ್.

"ಎರಡನೇದು?" ಅಂದರು ಮೊದ್ಲಕ್ಕ, ಮೆಲ್ಲಗೆ.

"ಫೋಟೋ," ಅಂದರು ತಮ್ಮ.

"ನಾನು ಸತ್ತ ಮೇಲೆ ಹಾಕ್ಕೋ," ಅಂದರು ಅಕ್ಕ. ಆಮೇಲೆ ಲಾಂಡ್ರಿ ತಲುಪುವವರೆಗೂ ಜಗಳ. ಆದರೆ ನೇರಾನೇರ ಜಗಳ, ಮಧ್ಯೆ ಯಾರೂ ಇಲ್ಲದೆ. ಕ್ಲಿಪ್ಪಿನ ರಾಶಿಯಿಂದ ಬಿಡುಗಡೆಯಾಗಿ ಚಹಾ ಕುಡಿಯುತ್ತಿದ್ದ ಕಲೆಗಾರರು ಅದನ್ನು ಕೇಳಿ, ತಮ್ಮ ಅರ್ಧ ಕೆಲಸ ಹೋಯಿತು ಅಂತ ಸ್ವಲ್ಪ ಹೊತ್ತು ಬೇಸರಪಟ್ಟುಕೊಂಡರಂತೆ.

ಮೂರು ತಿಂಗಳಿಗೆ ಸರಿಯಾಗಿ ಒಂದೇ ಒಂದು ಕೆಲಸ ಮಾಡುವ ವ್ಯವಸ್ಥೆ ಲಾಂಡ್ರಿಗೆ ಹೋಯಿತು. ಪ್ರತಿ ಗಂಟಿಗೂ ಒಂದು ಚೀಟಿ. ಅದನ್ನು ಯಂತ್ರದ ಕಣ್ಣಿಗೆ ಹಿಡಿದರೆ ಅದು ಯಾರದು, ಎಲ್ಲಿಗೆ ಅಂತ ಪರದೆಯ ಮೇಲೆ ಬರುತ್ತದೆ. ತಪ್ಪು ಗಂಟನ್ನು ವ್ಯಾನಿಗೆ ಹತ್ತಿಸಲು ಹೋದರೆ ಕೊಂಯ್ ಅನ್ನುತ್ತದೆ. ಅದನ್ನು ಪರೀಕ್ಷೆ ಮಾಡಲು ನಾನು ಹೋಟೆಲಿನ ಗಂಟನ್ನು ಆಸ್ಪತ್ರೆಗೂ ಆಸ್ಪತ್ರೆಯದನ್ನು ನಾಟಕಕ್ಕೂ ಕಳಿಸಲು ದಿನಗಟ್ಟಲೆ ಹೆಣಗಾಡಿದೆ, ಆಗಲಿಲ್ಲ. ತಪ್ಪು ಗಂಟು ಹೋಗುವುದು ನಿಂತ ಮೇಲೆ ಬೈಯಲು ಫೋನು ಮಾಡುವವರೂ ಇಲ್ಲವಾದರು. ವ್ಯಾನಣ್ಣ ಕೇಳಿದ್ದು ಕೇಳದೆಯೇ ಸಿಕ್ಕಿತು. ದೊಡ್ಡ ಮೇಡಂ ಕೊನೆಗೆ ಒಪ್ಪಿದ ಮೇಲೆ ಫೋಟೋ ಹಾಕಲು ಪ್ರೋಗ್ರಾಮರಿಗೆ ಚಹಾ ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಮೊದಲೇ ಯಾಕೆ ಹೇಳಲಿಲ್ಲ ಅಂದರೆ, "ಅದೊಂದಕ್ಕೇ ಎಷ್ಟು ಹೊತ್ತು ಬೇಕು ಅಂತ ಯಾರೂ ಕೇಳಲೇ ಇಲ್ಲವಲ್ಲ," ಅಂದರು. ತಮ್ಮನ ಟೈ ಕಟ್ಟಿದ ಮುಖ ಪರದೆಯಲ್ಲಿ ಬಂದಾಗ ದೊಡ್ಡ ಮೇಡಂ ಹತ್ತಿರ ಬಂದು ಬಗ್ಗಿ ನೋಡಿದರು. "ಟೈ ಮೇಲೆ ಕಲೆ ಇದೆ," ಅಂದರು. ಕಲೆಗಾರರು ಒಂದು ಕಣ್ಣು ಮುಚ್ಚಿ ನೋಡಿ, "ಕಾಫಿ," ಅಂದರು. ಆ ಫೋಟೋ ತೆಗೆಸಿ ಬೇರೆ ಹಾಕಿಸಲು ಚಿಕ್ಕ ಸಾರ್ ತಾವೇ ಫೋನು ಮಾಡಿದರು. ಕಲೆಗಳ ಚಿತ್ರಶಾಲೆಯೂ ಮುಂದಿನ ವರ್ಷ ಆಯಿತು. ಅದರ ಮೊದಲ ಚಿತ್ರ ಆ ಟೈಯ ಕಲೆಯದು.

ಕೆಲಸ ಮುಗಿದ ಖುಷಿಗೆ ಲಾಂಡ್ರಿಯವರು ಮೊದ್ಲಕ್ಕನ ಮನೆಯ ಬೆಡ್‌ಶೀಟುಗಳನ್ನೆಲ್ಲ ತಾವೇ ಒಗೆದುಕೊಡುತ್ತೇವೆ ಅಂತ ಹಟ ಹಿಡಿದರು. ಎಷ್ಟು ಬೇಡ ಅಂದರೂ ವ್ಯಾನಣ್ಣ ಬಂದು ಹಾಸಿಗೆಯಿಂದ ಕಿತ್ತುಕೊಂಡೇ ಹೋದ. ಅವು ವಾಪಸು ಬಂದದ್ದು ಹೋಟೆಲಿನ ಲೆಕ್ಕದಲ್ಲಿ ಗಂಜಿ ಹಾಕಿಸಿಕೊಂಡು, ಹಲಗೆಯ ಹಾಗೆ. ಗೋಡೆಗೆ ಒರಗಿಸಿದರೆ ನಿಲ್ಲುತ್ತಿದ್ದವು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಗಂಡ ಒರಗಲು ಹೋಗಿ ಜಾರಿ ಮಂಚದ ಆ ಕಡೆ ಇಳಿದರು.

"ಇದನ್ನ ಮೆತ್ತಗೆ ಮಾಡಿಸು ಮಾರಾಯ್ತಿ, ಇದು ಹಾಸಿಗೆಯೋ ಜಾರುಬಂಡೆಯೋ," ಅಂದರು ನೆಲದ ಮೇಲಿಂದ.

ಅತ್ತೆ ಒಳಕೋಣೆಯಿಂದ, "ಮುಟ್ಟಿದ್ರೆ ನೋಡು. ಬೆನ್ನು ನೆಟ್ಟಗಾಗಿದೆ ನಂಗೆ. ಇನ್ನೂ ಸ್ವಲ್ಪ ಗಂಜಿ ಹಾಕಿಸು," ಅಂದರು.

ಇಬ್ಬರೂ ಬಾಗಿಲಿಗೆ ಬಂದು ಮೊದ್ಲಕ್ಕನ ಮುಖ ನೋಡುತ್ತಾ ನಿಂತರು. ಮೊದ್ಲಕ್ಕ ಇವರನ್ನೂ ನೋಡಿದರು, ಅವರನ್ನೂ ನೋಡಿದರು. ಆಮೇಲೆ ಒಂದು ದಿಂಬು ತೆಗೆದುಕೊಂಡು ನಡುಮನೆಯ ಸೋಫಾದ ಮೇಲೆ ಮಲಗಿ ಸಂಜೆಯವರೆಗೂ ನಿದ್ದೆ ಮಾಡಿದರು.